ನಿಮಗಿದು ಗೊತ್ತೇ? ಎಚ್‌ಐವಿ ಇದ್ದವರೂ ಅಪ್ಪ ಆಗಬಹುದು

◆ ಎಚ್‌ಐವಿ ಇರುವ ಗಂಡಸಿಗೆ ಎಚ್‌ಐವಿ ಇಲ್ಲದ ಮಗು ಹುಟ್ಟಬಹುದು. ಹೆಂಡತಿಗೂ ಸೋಂಕು ತಗುಲದೆ ಹುಟ್ಟಬಹುದು. ಅದಕ್ಕೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ದಿನಕ್ಕೊಂದು ಮಾತ್ರೆ. ಆ ಮಾತ್ರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಚಿಕಿತ್ಸೆ) ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಸಕಲೇಶಪುರದಿಂದ ಅಲ್ಲಿಗೆ ಸುಮಾರು 40 ಕಿ.ಮೀ. ದಾರಿ, ಆಲೂರಿನಿಂದ ಅದರ ಅರ್ಧವೂ ಇಲ್ಲ.

◆ ಅಪ್ಪನಿಂದ ಮಗುವಿಗೆ ಎಚ್‌ಐವಿ ನೇರವಾಗಿ ಬರುವುದಿಲ್ಲ. ಬಂದರೆ ತಾಯಿಯಿಂದಲೇ ಬರಬೇಕು: ಗರ್ಭದಲ್ಲಿರುವಾಗ, ಹೆರಿಗೆಯ ಹೊತ್ತಿನಲ್ಲಿ, ಇಲ್ಲವೇ ಎದೆಹಾಲಿನ ಮೂಲಕ. ತಾಯಿ ನೆಗೆಟಿವ್ ಆಗಿಯೇ ಉಳಿದರೆ ಹುಟ್ಟುವ ಮಗುವೂ ನೆಗೆಟಿವ್. ಹೆಂಡತಿಯನ್ನು ಕಾಪಾಡಿಕೊಂಡವನು ಮಗುವನ್ನೂ ಕಾಪಾಡಿಕೊಂಡ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ.

◆ 1991ರ ನವೆಂಬರ್ 7ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ತಮಗೆ ಎಚ್‌ಐವಿ ಇದೆಯೆಂದು ಬಹಿರಂಗವಾಗಿ ಹೇಳಿದರು. ಆಗ ಅವರ ಹೆಂಡತಿ ಕುಕಿ ಬಸುರಿ. 1992ರ ಜೂನ್‌ನಲ್ಲಿ ಗಂಡು ಮಗು ಹುಟ್ಟಿತು. ತಾಯಿಗೂ ಸೋಂಕಿರಲಿಲ್ಲ, ಮಗುವಿಗೂ ಇರಲಿಲ್ಲ. ಇವತ್ತಿನಂಥ ಔಷಧಿಗಳು ಇಲ್ಲದ ಕಾಲ ಅದು, ದಂಪತಿಯ ಅದೃಷ್ಟ ಚೆನ್ನಾಗಿತ್ತು. ಈಗಿನವರು ಅದೃಷ್ಟವನ್ನು ನೆಚ್ಚಿಕೊಳ್ಳಬೇಕಾಗಿಲ್ಲ.

◆ ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಪತ್ತೆ ಮಾಡಿದವರು ಡಾ. ಸುನೀತಿ ಸಾಲೊಮನ್ ಮತ್ತು ಅವರ ಶಿಷ್ಯೆ ನಿರ್ಮಲಾ. ಸರ್ಕಾರ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್ 1ರಿಂದ. ನಡುವಿನ ಹದಿನೆಂಟು ವರ್ಷಗಳಲ್ಲಿ ‘ಎಚ್‌ಐವಿ ಅಂದರೆ ಸಾವು’ ಎಂಬ ಮಾತು ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಔಷಧಿ ಬಂದು ಎರಡು ದಶಕ ದಾಟಿದರೂ ಆ ಮಾತು ಇನ್ನೂ ಎದ್ದುಹೋಗಿಲ್ಲ. ‘ಇವನಿಗೆ ಮಗು ಯಾಕೆ?’ ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

◆ 2023ರ ಅಂದಾಜಿನಂತೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ. 2021ರ ಲೆಕ್ಕದಲ್ಲಿ ಕರ್ನಾಟಕದ ಪಾಲು ಸುಮಾರು 2.76 ಲಕ್ಷ. ಇವರಲ್ಲಿ ಮದುವೆಯ ವಯಸ್ಸಿನವರಿದ್ದಾರೆ, ಹೊಸದಾಗಿ ಮದುವೆಯಾದವರಿದ್ದಾರೆ, ಹುಟ್ಟಿನಿಂದಲೇ ಸೋಂಕಿದ್ದು ಮಾತ್ರೆ ತಿನ್ನುತ್ತಲೇ ಬೆಳೆದು ಈಗ ಇಪ್ಪತ್ತೈದು ದಾಟಿದ ಹುಡುಗರೂ ಇದ್ದಾರೆ.

ನಮ್ಮ ಮಲೆನಾಡಿನಲ್ಲಿ ಮದುವೆಯಾಗಿ ಆರು ತಿಂಗಳಾಗುವ ಮೊದಲೇ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ನೆಂಟರ ಮನೆಯ ತಿಥಿಯಲ್ಲಿ ಎಲ್ಲರೂ ಕೇಳುವುದು ಒಂದೇ: ‘ಏನಾದ್ರೂ ವಿಶೇಷ ಉಂಟೇ?’ ಹೆತ್ತೂರು, ಯಸಳೂರು ಕಡೆಯ ತೋಟದ ಲೈನ್ ಮನೆಗಳಲ್ಲಿ ಒಂದು ಗೋಡೆಯಾಚೆ ಕೆಮ್ಮಿದರೆ ಈಚೆಗೆ ಕೇಳಿಸುತ್ತದೆ. ಅಂಥ ಕಡೆ ಮಾತ್ರೆಯ ಡಬ್ಬಿಯನ್ನು ಬಚ್ಚಿಡಬಹುದು, ಮಗುವಿಲ್ಲದ್ದನ್ನು ಬಚ್ಚಿಡಲು ಆಗುವುದಿಲ್ಲ. ಬಂಜೆ ಎಂಬ ಮಾತು ಬೀಳುವುದು ಹೆಂಡತಿಯ ತಲೆಯ ಮೇಲೆ. ಗಂಡ ಒಳಗೊಳಗೇ ಬೇಯುತ್ತಾನೆ, ಬಾಯಿ ಬಿಡುವಂತಿಲ್ಲ. ಕೊನೆಗೆ ಯಾರನ್ನೂ ಕೇಳದೆ ಕಾಂಡೋಮ್ ಬಿಟ್ಟು ‘ಆದದ್ದಾಗಲಿ’ ಎಂದು ಮುಂದುವರಿಯುವ ಜೋಡಿಗಳಿವೆ. ಮಗುವಿನ ಆಸೆಯಲ್ಲಿ ತಪ್ಪಿಲ್ಲ, ಯಾರನ್ನೂ ಕೇಳದೆ ಮುಂದುವರಿಯುವುದರಲ್ಲಿ ಅಪಾಯವಿದೆ.

◆ ಚಿಕಿತ್ಸೆ ಇಲ್ಲದ ಗಂಡಸಿನಿಂದ ಹೆಣ್ಣಿಗೆ ಒಂದು ಸಲದ ಕೂಡುವಿಕೆಯಲ್ಲಿ ಸೋಂಕು ದಾಟುವ ಸಂಭವ ಸರಾಸರಿ 10,000ಕ್ಕೆ 8. ಕಡಿಮೆಯೇ ಅಲ್ಲವೇ ಎನ್ನಿಸುತ್ತದೆ. ಈ ಸರಾಸರಿಯನ್ನು ನಂಬಿ ಮೋಸ ಹೋಗಬೇಡಿ. ಸೋಂಕು ಹೊಸದಾಗಿದ್ದರೆ, ಇಬ್ಬರಲ್ಲಿ ಒಬ್ಬರಿಗೆ ಲೈಂಗಿಕ ರೋಗದ ಹುಣ್ಣಿದ್ದರೆ ಅಪಾಯ ಹಲವು ಪಟ್ಟು ಏರುತ್ತದೆ. ತಿಂಗಳು ತಿಂಗಳು ಪ್ರಯತ್ನಪಟ್ಟಾಗ ಸಣ್ಣ ಸಣ್ಣ ಅಪಾಯಗಳು ಒಟ್ಟುಗೂಡಿ ದೊಡ್ಡದಾಗುತ್ತವೆ.

◆ ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ‘ಎಚ್‌ಪಿಟಿಎನ್ 052’ ಎಂಬ ಅಧ್ಯಯನ. ಒಬ್ಬರು ಪಾಸಿಟಿವ್, ಒಬ್ಬರು ನೆಗೆಟಿವ್ ಇರುವ 1,763 ಜೋಡಿಗಳು, ಒಂಬತ್ತು ದೇಶಗಳು. ನಮ್ಮ ಚೆನ್ನೈ ಮತ್ತು ಪುಣೆಯ ಜೋಡಿಗಳೂ ಅದರಲ್ಲಿದ್ದವು. ಬೇಗ ಮಾತ್ರೆ ಶುರುಮಾಡಿದವರಿಂದ ಸಂಗಾತಿಗೆ ಸೋಂಕು ದಾಟುವುದು ಶೇ. 96ರಷ್ಟು ಕಡಿಮೆಯಾಯಿತು ಎಂಬ ಫಲಿತಾಂಶ 2011ರಲ್ಲಿ ಹೊರಬಿತ್ತು. ವರ್ಷಗಳ ನಂತರ ಅಂತಿಮ ಲೆಕ್ಕ ನೋಡಿದಾಗ ಅದಕ್ಕಿಂತ ದೊಡ್ಡ ಸಂಗತಿ ಕಂಡಿತು: ಮಾತ್ರೆ ತಿಂದು ವೈರಸ್ ಪೂರ್ತಿ ಹತೋಟಿಯಲ್ಲಿದ್ದ ಹೊತ್ತಿನಲ್ಲಿ ಒಬ್ಬರಿಂದಲೂ ಸಂಗಾತಿಗೆ ಸೋಂಕು ದಾಟಿರಲಿಲ್ಲ.

◆ ಯುರೋಪಿನ ‘ಪಾರ್ಟ್‌ನರ್’ ಅಧ್ಯಯನದಲ್ಲಿ 888 ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಕೂಡಿದ್ದರು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಬಂದ ಸೋಂಕು ಎಷ್ಟು? ಸೊನ್ನೆ. 2016ರಲ್ಲಿ ಪ್ರಕಟವಾದ ಲೆಕ್ಕ ಇದು.

◆ ಮಾತ್ರೆಯಿಂದ ವೈರಸ್ ಹತೋಟಿಯಲ್ಲಿದ್ದರೆ ಸಂಗಾತಿಗೆ ಸೋಂಕು ದಾಟದು ಎಂದು ಮೊದಲು ಧೈರ್ಯವಾಗಿ ಹೇಳಿದವರು ಸ್ವಿಟ್ಜರ್ಲೆಂಡಿನ ವೈದ್ಯರು, 2008ರ ಜನವರಿಯಲ್ಲಿ. ಮಗು ಬೇಕೆಂದು ಕೇಳಿಕೊಂಡು ಬರುತ್ತಿದ್ದ ಜೋಡಿಗಳಿಗೆ ಏನಾದರೊಂದು ಉತ್ತರ ಕೊಡಲೇಬೇಕಾಗಿತ್ತು. ಆಗ ಜಗತ್ತಿನ ಹಲವು ತಜ್ಞರು ಅವರನ್ನು ಟೀಕಿಸಿದರು. ಎಂಟು ವರ್ಷಗಳಲ್ಲಿ ಅವರ ಮಾತೇ ನಿಜವೆಂದು ಸಾಬೀತಾಯಿತು.

◆ ಇವತ್ತು ವಿಶ್ವ ಆರೋಗ್ಯ ಸಂಸ್ಥೆಯ ಮಾತು ಸ್ಪಷ್ಟವಾಗಿದೆ. 2023ರಲ್ಲಿ ಅದು ಹೇಳಿದ್ದು: ಪರೀಕ್ಷೆಯಲ್ಲಿ ವೈರಸ್ ಪತ್ತೆಯೇ ಆಗದಷ್ಟು ತಗ್ಗಿದ್ದರೆ ಲೈಂಗಿಕ ಸಂಗಾತಿಗೆ ಹರಡುವ ಅಪಾಯ ಶೂನ್ಯ. ಪತ್ತೆಯಾದರೂ ಮಿಲಿ ಲೀಟರ್ ರಕ್ತದ್ರವಕ್ಕೆ ವೈರಸ್ಸಿನ 1,000 ಪ್ರತಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಾಯ ನಗಣ್ಯ. ಅದಕ್ಕಿಂತ ಹೆಚ್ಚಿದ್ದರೆ ಅಪಾಯ ಇದ್ದೇ ಇದೆ.

ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುವ ಈ ವೈರಲ್ ಲೋಡ್ ವರದಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಪ್ಪನಾಗಬೇಕೆನ್ನುವವನ ಕೈಯಲ್ಲಿರಬೇಕಾದ ಮುಖ್ಯ ಕಾಗದ ಅದೇ. ಎಆರ್‌ಟಿ ಕೇಂದ್ರದಲ್ಲಿ ತೋಳಿನಿಂದ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಒಂದು ಮಿಲಿ ಲೀಟರ್ ರಕ್ತದ್ರವದಲ್ಲಿ ವೈರಸ್ಸಿನ ಎಷ್ಟು ಪ್ರತಿಗಳಿವೆ ಎಂದು ಯಂತ್ರ ಎಣಿಸುತ್ತದೆ. ಚಿಕಿತ್ಸೆ ಇಲ್ಲದವರಲ್ಲಿ ಅದು ಸಾವಿರಗಳಲ್ಲಿ, ಲಕ್ಷಗಳಲ್ಲಿ ಇರಬಹುದು. ಮಾತ್ರೆಯನ್ನು ತಪ್ಪದೆ ತಿಂದವರ ವರದಿಯಲ್ಲಿ ಸಾಮಾನ್ಯವಾಗಿ ಅಂಕಿಯೇ ಇರುವುದಿಲ್ಲ, ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಎಂದು ಬರೆದಿರುತ್ತದೆ. ಕೆಲವರು ಇದನ್ನು ಓದಿ ‘ರೋಗ ಹೋಯಿತು’ ಎಂದು ಮಾತ್ರೆ ಬಿಟ್ಟುಬಿಡುತ್ತಾರೆ. ಹೋಗಿರುವುದಿಲ್ಲ, ಅಡಗಿ ಕೂತಿರುತ್ತದೆ. ಮಾತ್ರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ, ಹೆಂಡತಿಗೆ ಹರಡುವ ಅಪಾಯವೂ ವಾಪಸು ಬರುತ್ತದೆ.

ವರದಿಯ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 1,000ಕ್ಕಿಂತ ಕೆಳಗಿದ್ದರೆ ‘ಹತೋಟಿಯಲ್ಲಿದೆ’ ಎನ್ನುತ್ತಾರೆ. ಪಾರ್ಟ್‌ನರ್ ಅಧ್ಯಯನದಲ್ಲಿ ಇಟ್ಟುಕೊಂಡ ಗೆರೆ 200. ಮಗುವಿಗೆ ಪ್ರಯತ್ನಿಸುವವರು ಬರೀ 1,000ದ ಗೆರೆಗಿಂತ ಕೆಳಗಿಳಿದದ್ದಕ್ಕೆ ತೃಪ್ತಿಪಡದೆ, ಪತ್ತೆಯಾಗದ ಮಟ್ಟಕ್ಕೆ ಇಳಿಯುವ ತನಕ ಕಾಯುವುದು ಒಳ್ಳೆಯದು. ಎಷ್ಟು ಕಾಲ ಕಾಯಬೇಕು? ಮಾತ್ರೆ ಶುರುಮಾಡಿ ಕನಿಷ್ಠ ಆರು ತಿಂಗಳಾಗಿರಬೇಕು, ಬಿಟ್ಟು ಬಿಟ್ಟು ಮಾಡಿಸಿದ ಎರಡು ವರದಿಗಳಲ್ಲೂ ವೈರಸ್ ಪತ್ತೆಯಾಗಿರಬಾರದು ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಎಚ್ಚರಿಕೆಯ ಮಾತು.

◆ ಸಿಡಿ4 ಬೇರೆ, ವೈರಲ್ ಲೋಡ್ ಬೇರೆ. ‘ನನ್ನ ಸಿಡಿ4 ಎಂಟುನೂರು ಇದೆ, ತೊಂದರೆ ಇಲ್ಲ’ ಎನ್ನುವವರು ಬಹಳ. ಸಿಡಿ4 ಹೇಳುವುದು ನಿಮ್ಮ ಮೈಯ ಶಕ್ತಿ ಎಷ್ಟಿದೆ ಎಂದು. ಹೆಂಡತಿಗೆ ಹರಡುತ್ತದೆಯೋ ಇಲ್ಲವೋ ಎಂದು ತಿಳಿಸುವುದು ವೈರಲ್ ಲೋಡ್ ಮಾತ್ರ.

◆ ದೇಶದ ಎಲ್ಲ ಎಆರ್‌ಟಿ ರೋಗಿಗಳಿಗೂ ವೈರಲ್ ಲೋಡ್ ಪರೀಕ್ಷೆ ಉಚಿತ ಎಂದು ಕೇಂದ್ರ ಸರ್ಕಾರ ಘೋಷಿಸಿದ್ದು 2018ರ ಫೆಬ್ರವರಿಯಲ್ಲಿ. ಮಾತ್ರೆ ಶುರುವಾಗಿ ಆರು ತಿಂಗಳಿಗೆ ಒಮ್ಮೆ, ಹನ್ನೆರಡು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ವರದಿ ಬಂದಿದೆಯೇ, ಅದರಲ್ಲಿ ಏನಿದೆ ಎಂದು ಕೇಳುವುದು ನಿಮ್ಮ ಹಕ್ಕು. ಮಾತ್ರೆ ತೆಗೆದುಕೊಂಡು ಓಡುವ ಅವಸರದಲ್ಲಿ ತಮ್ಮ ಅಂಕಿ ತಮಗೇ ಗೊತ್ತಿಲ್ಲದ ಗಂಡಸರು ಎಷ್ಟೋ ಮಂದಿ.

◆ ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿ ಗ್ರಾಂ, ಮೂರೂ ಸೇರಿದ ಒಂದೇ ಮಾತ್ರೆ. ಡೊಲುಟೆಗ್ರಾವಿರ್ ವೈರಸ್ಸನ್ನು ಬಹಳ ಬೇಗ ತಗ್ಗಿಸುತ್ತದೆ. ಆದರೆ ಗ್ಯಾಸ್ಟ್ರಿಕ್‌ಗೆಂದು ಅಂಗಡಿಯಿಂದ ತಂದು ಕುಡಿಯುವ ಆಂಟಾಸಿಡ್ ಜೊತೆ ಅದಕ್ಕೆ ಆಗಿಬರುವುದಿಲ್ಲ. ಆಂಟಾಸಿಡ್‌ಗೆ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ನಂತರ ಮಾತ್ರೆ ತಿನ್ನಬೇಕು. ಟಿ.ಬಿ.ಗೆ ರಿಫಾಂಪಿಸಿನ್ ತಿನ್ನುತ್ತಿದ್ದರೆ ಡೊಲುಟೆಗ್ರಾವಿರ್ 50 ಮಿಲಿ ಗ್ರಾಂ ಇನ್ನೊಂದು ಹೊತ್ತು ಬೇಕಾಗುತ್ತದೆ, ಅದನ್ನು ವೈದ್ಯರೇ ಬರೆದುಕೊಡುತ್ತಾರೆ.

◆ ‘ಇಷ್ಟು ಪವರ್ ಮಾತ್ರೆ ತಿಂದವನಿಗೆ ಹುಟ್ಟುವ ಮಗು ಸರಿಯಿರುತ್ತದೆಯೇ?’ ಅಪ್ಪ ತಿನ್ನುವ ಎಆರ್‌ಟಿಯಿಂದ ಮಕ್ಕಳಲ್ಲಿ ಅಂಗದೋಷ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಚಿಕಿತ್ಸೆ ಪಡೆಯದ ಎಚ್‌ಐವಿಯೇ ವೀರ್ಯಾಣುಗಳ ಸಂಖ್ಯೆ, ಚಲನೆ ಎರಡನ್ನೂ ಕುಗ್ಗಿಸುತ್ತದೆ. ಬೀಡಿ, ಹೆಂಡ ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಮಗುವಿಗೆಂದು ಮಾತ್ರೆ ಬಿಡುವುದು ತೀರಾ ತಪ್ಪು ದಾರಿ.

◆ ಎಚ್‌ಐವಿ ವಾಸಿ ಮಾಡುತ್ತೇವೆ ಎಂದು ಹೇಳಿಕೊಳ್ಳುವ ಅಧಿಕಾರ ಯಾವ ಔಷಧಿ ಮಾರುವವರಿಗೂ ಇಲ್ಲ. ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ವಾಸಿ ಮಾಡುತ್ತೇವೆ ಎಂದು ಹೇಳಲೇಬಾರದ ಕಾಯಿಲೆಗಳ ಪಟ್ಟಿ ಶುರುವಾಗುವುದೇ ಏಡ್ಸ್‌ನಿಂದ.

◆ ಹೆಣ್ಣಿನ ಅಂಡ ಬಿಡುಗಡೆಯಾದ ಮೇಲೆ ಬದುಕಿರುವುದು 12ರಿಂದ 24 ಗಂಟೆ. ವೀರ್ಯಾಣು ಒಳಗೆ ಐದು ದಿನದ ತನಕ ಬದುಕಬಲ್ಲದು. ಹಾಗಾಗಿ ತಿಂಗಳಲ್ಲಿ ಗರ್ಭ ನಿಲ್ಲುವ ದಿನಗಳು ಆರೇ ಆರು. ಮುಟ್ಟಾದ ದಿನವನ್ನು ಒಂದು ಎಂದು ಎಣಿಸಿದರೆ, 28 ದಿನದ ಚಕ್ರ ಇರುವವರಿಗೆ ಸುಮಾರು 9ರಿಂದ 14ನೇ ದಿನ. ಗೋಡೆಯ ಮೇಲಿನ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಮುಟ್ಟಿನ ದಿನ ಗುರುತು ಹಾಕಿಕೊಂಡರೆ ಚಕ್ರ ಎಷ್ಟು ದಿನದ್ದು ಎಂಬುದು ಗೊತ್ತಾಗುತ್ತದೆ. ಆ ದಿನಗಳಲ್ಲಿ ಮಾತ್ರ ಕಾಂಡೋಮ್ ಬಿಟ್ಟು, ಉಳಿದ ದಿನ ಬಳಸುವುದು ಇನ್ನೊಂದು ಪದರ ರಕ್ಷಣೆ. ಗಂಡನ ರಕ್ತದಲ್ಲಿ ವೈರಸ್ ಪತ್ತೆಯಾಗದ ಜೋಡಿಗೆ ಇದು ಕಡ್ಡಾಯವಲ್ಲ. ಆದರೂ ಮನಸ್ಸಿನ ಅಳುಕು ಕಳೆಯಲು ಹಲವರು ಹೀಗೆ ಮಾಡುತ್ತಾರೆ, ಗರ್ಭ ಬೇಗ ನಿಲ್ಲಲೂ ಇದರಿಂದ ಸಹಾಯವಾಗುತ್ತದೆ.

◆ ಹೆಂಡತಿಗೂ ರಕ್ಷಣೆಯ ಮಾತ್ರೆ ಇದೆ, ಹೆಸರು ಪ್ರೆಪ್. ನೆಗೆಟಿವ್ ಇರುವವರು ಮುಂಜಾಗ್ರತೆಗಾಗಿ ತಿನ್ನುವ ಮಾತ್ರೆ ಅದು. ಅಮೆರಿಕ ಒಪ್ಪಿಗೆ ಕೊಟ್ಟದ್ದು 2012ರಲ್ಲಿ, ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಮಾರ್ಗಸೂಚಿ ತಂದದ್ದು 2022ರಲ್ಲಿ. ಅದಕ್ಕೂ ಮೊದಲೇ ನಮ್ಮ ಪಕ್ಕದ ಮೈಸೂರಿನಲ್ಲಿ, ಲೈಂಗಿಕ ವೃತ್ತಿಯವರೇ ಕಟ್ಟಿದ ಅಶೋದಯ ಸಮಿತಿ ಪ್ರೆಪ್ ಕೊಟ್ಟು ತೋರಿಸಿತ್ತು. ದೇಶದಲ್ಲಿ ಆಗ ಈ ಪ್ರಯೋಗ ನಡೆದ ಇನ್ನೊಂದು ಊರು ಕೋಲ್ಕತ್ತ. ಗಂಡನ ವೈರಲ್ ಲೋಡ್ ಇನ್ನೂ ಇಳಿದಿಲ್ಲ, ವಯಸ್ಸು ಮೀರುತ್ತಿದೆ, ಕಾಯಲು ಆಗದು ಎನ್ನುವ ಜೋಡಿಗಳು ಪ್ರೆಪ್ ಬಗ್ಗೆ ವೈದ್ಯರನ್ನು ಕೇಳಬೇಕು.

◆ ಕೀನ್ಯಾದ ಥಿಕಾ ಪಟ್ಟಣದಲ್ಲಿ ಮಗು ಬೇಕೆಂದ 74 ಜೋಡಿಗಳಲ್ಲಿ ಪಾಸಿಟಿವ್ ಇದ್ದವರಿಗೆ ಎಆರ್‌ಟಿ, ನೆಗೆಟಿವ್ ಇದ್ದವರಿಗೆ ಪ್ರೆಪ್, ಇಬ್ಬರಿಗೂ ದಿನ ಎಣಿಸುವ ತಿಳಿವಳಿಕೆ ಕೊಟ್ಟು ನೋಡಿದರು. ಒಬ್ಬರಿಗೂ ಹೊಸದಾಗಿ ಸೋಂಕು ತಗುಲಲಿಲ್ಲ. ನಮ್ಮ ಮಲೆನಾಡಿನಂತೆ ಥಿಕಾ ಕೂಡ ಕಾಫಿ ತೋಟಗಳ ಸೀಮೆ.

◆ ‘ವೀರ್ಯ ತೊಳೆಯುವುದು’ ಎಂಬ ವಿಧಾನವೊಂದಿದೆ. ಇಟಲಿಯ ಮಿಲಾನಿನ ಡಾ. ಅಗಸ್ಟೊ ಸೆಂಪ್ರಿನಿ 1992ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ವೈರಸ್ ಇರುವುದು ವೀರ್ಯದ ದ್ರವದಲ್ಲಿ ಮತ್ತು ಅದರಲ್ಲಿ ತೇಲುವ ಬಿಳಿ ರಕ್ತಕಣಗಳಲ್ಲಿ. ಈಜುವ ವೀರ್ಯಾಣುವನ್ನು ಅವುಗಳಿಂದ ಬೇರ್ಪಡಿಸಿದರೆ ಆಯಿತು. ಗಾಜಿನ ನಳಿಕೆಯಲ್ಲಿ ಬೇರೆ ಬೇರೆ ಸಾಂದ್ರತೆಯ ದ್ರವಗಳನ್ನು ಪದರ ಪದರವಾಗಿ ತುಂಬುತ್ತಾರೆ, ಮೇಲೆ ವೀರ್ಯ ಹಾಕಿ ವೇಗವಾಗಿ ತಿರುಗಿಸುತ್ತಾರೆ. ಕಾಫಿ ಹಣ್ಣನ್ನು ನೀರಿನ ತೊಟ್ಟಿಗೆ ಸುರಿದಾಗ ಜೊಳ್ಳು ಮೇಲೆ ತೇಲಿ ಗಟ್ಟಿ ಹಣ್ಣು ತಳಕ್ಕಿಳಿಯುವಂತೆ, ಗಟ್ಟಿಯಾದ, ಚುರುಕಾದ ವೀರ್ಯಾಣುಗಳು ತಳಕ್ಕೆ ಬರುತ್ತವೆ. ದ್ರವ, ಬಿಳಿಕಣಗಳು ಮೇಲೆ ಉಳಿಯುತ್ತವೆ. ತಳದ್ದನ್ನು ತೆಗೆದು, ಮತ್ತೆ ತೊಳೆದು, ವೈರಸ್ ಉಳಿದಿದೆಯೇ ಎಂದು ಪಿಸಿಆರ್ ಪರೀಕ್ಷೆ ಮಾಡಿ, ಆಮೇಲೆ ಹೆಂಡತಿಯ ಗರ್ಭಕೋಶಕ್ಕೆ ಸೇರಿಸುತ್ತಾರೆ. ಯುರೋಪಿನ ಹಲವು ಕೇಂದ್ರಗಳು ಸೇರಿ 2007ರಲ್ಲಿ ಕೊಟ್ಟ ಲೆಕ್ಕ ಹೀಗಿತ್ತು: 1,036 ಜೋಡಿ, 3,390 ಚಿಕಿತ್ಸಾ ಸುತ್ತು. ಪರೀಕ್ಷೆಗೆ ಸಿಕ್ಕ ಹೆಂಗಸರಲ್ಲಿ ಒಬ್ಬರಿಗೂ ಸೋಂಕಿರಲಿಲ್ಲ.

ಇದು ದೊಡ್ಡ ಊರಿನ ಬಂಜೆತನ ಚಿಕಿತ್ಸಾ ಕೇಂದ್ರಗಳ ಕೆಲಸ, ದುಬಾರಿ ಕೆಲಸ. ಮಾತ್ರೆಯೇ ಇಷ್ಟು ಚೆನ್ನಾಗಿ ಕಾಪಾಡುವ ಕಾಲದಲ್ಲಿ ಎಲ್ಲರಿಗೂ ಇದು ಬೇಕಾಗಿಲ್ಲ. ವೀರ್ಯಾಣು ಕಡಿಮೆ ಇದ್ದವರಿಗೆ, ಹೆಂಡತಿಯ ಗರ್ಭನಾಳ ಮುಚ್ಚಿದ್ದವರಿಗೆ, ಎಷ್ಟು ಹೇಳಿದರೂ ಭಯ ಬಿಡದವರಿಗೆ ಬೇಕಾದೀತು. ತೋಟ ಅಡವಿಟ್ಟಾದರೂ ‘ತೊಳೆಸಬೇಕು’ ಎಂದುಕೊಳ್ಳುವ ಮೊದಲು ಎಆರ್‌ಟಿ ಕೇಂದ್ರದ ವೈದ್ಯರ ಮಾತು ಕೇಳಿ. ಸಾಲ ಮಾಡುವ ಅಗತ್ಯವೇ ಇಲ್ಲದಿರಬಹುದು.

◆ 1990ರಲ್ಲಿ ಅಮೆರಿಕದಲ್ಲಿ ಹೀಗೆ ಸಂಸ್ಕರಿಸಿದ ವೀರ್ಯದಿಂದ ಒಬ್ಬ ಹೆಂಡತಿಗೆ ಸೋಂಕು ತಗುಲಿದ ವರದಿ ಬಂತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಆ ವಿಧಾನವೇ ಬೇಡ ಎಂದಿತು. ಆ ಮಾತನ್ನು ಬದಲಿಸಲು 2017 ಬರಬೇಕಾಯಿತು. ಒಂದು ಪ್ರಕರಣದ ಭಯಕ್ಕೆ ಇಪ್ಪತ್ತೇಳು ವರ್ಷ ಎಷ್ಟೋ ಗಂಡಸರಿಗೆ ಬಾಗಿಲು ಮುಚ್ಚಿತ್ತು.

◆ ಹೆಂಡತಿ ಪಾಸಿಟಿವ್, ಗಂಡ ನೆಗೆಟಿವ್ ಆಗಿದ್ದರೆ ಗಂಡನಿಗೆ ಸೋಂಕು ತಗುಲದಂತೆ ಗರ್ಭ ನಿಲ್ಲಿಸಿಕೊಳ್ಳುವುದು ಇನ್ನೂ ಸುಲಭ. ಸೂಜಿಯಿಲ್ಲದ ಸಿರಿಂಜಿನಿಂದ ಮನೆಯಲ್ಲೇ ವೀರ್ಯ ಸೇರಿಸಿಕೊಳ್ಳಬಹುದು. ಹೇಗೆಂದು ವೈದ್ಯರು ಹೇಳಿಕೊಡುತ್ತಾರೆ.

◆ ಪ್ರಯತ್ನ ಶುರುಮಾಡುವ ಮೊದಲು ಇಬ್ಬರಿಗೂ ಸಿಫಿಲಿಸ್ ಮತ್ತಿತರ ಲೈಂಗಿಕ ರೋಗಗಳ ಪರೀಕ್ಷೆ ಆಗಬೇಕು. ಹೆಂಡತಿಗೆ ಎಚ್‌ಐವಿ ಪರೀಕ್ಷೆ ಆಗಬೇಕು. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ, ಆಲೂರಿನ ಸರ್ಕಾರಿ ಆಸ್ಪತ್ರೆಗಳಂಥ ತಾಲೂಕು ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ. ಫೋಲಿಕ್ ಆ್ಯಸಿಡ್ ಮಾತ್ರೆಯನ್ನು ಬಸುರಾಗುವ ಮೊದಲೇ ಶುರುಮಾಡುವುದು ಎಲ್ಲ ಹೆಂಗಸರಿಗೂ ಒಳ್ಳೆಯದು. ಪ್ರಯತ್ನದ ತಿಂಗಳುಗಳಲ್ಲಿ ಹೆಂಡತಿಗೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ ಮಾಡಿಸಿ.

◆ ಬಸುರು ನಿಂತ ಮೇಲೆ ಎಚ್ಚರ ತಪ್ಪಬಾರದು. ಗರ್ಭಿಣಿಗೆ ಅಥವಾ ಬಾಣಂತಿಗೆ ಹೊಸದಾಗಿ ಸೋಂಕು ತಗುಲಿದರೆ ಅವಳ ರಕ್ತದಲ್ಲಿ ವೈರಸ್ ಅತಿ ಹೆಚ್ಚಿರುತ್ತದೆ. ಮಗುವಿಗೆ ದಾಟುವ ಅಪಾಯ ಅತಿ ಹೆಚ್ಚಿರುವುದೂ ಆಗಲೇ. ಗಂಡನ ಮಾತ್ರೆ ನಿಲ್ಲುವಂತಿಲ್ಲ, ಹೆಂಡತಿಯ ಪರೀಕ್ಷೆ ಬಸುರಿನ ಕೊನೆಯ ತಿಂಗಳುಗಳಲ್ಲಿ ಇನ್ನೊಮ್ಮೆ ಆಗಬೇಕು. ಹೆಂಡತಿಯನ್ನು ಬಾಣಂತನಕ್ಕೆ ತವರಿಗೆ ಕಳಿಸಿ, ಗಂಡ ತೋಟದ ಕೆಲಸದಲ್ಲಿ ಮುಳುಗಿ ಮಾತ್ರೆ ಮರೆಯುವುದು ಇಲ್ಲಿ ನಡೆಯುವ ಸಂಗತಿ.

◆ ಇಬ್ಬರೂ ಪಾಸಿಟಿವ್ ಆಗಿದ್ದರೆ? ಆಗಲೂ ನೆಗೆಟಿವ್ ಮಗು ಹುಟ್ಟಬಹುದು. ಏನೂ ಮಾಡದೆ ಬಿಟ್ಟರೆ ತಾಯಿಯಿಂದ ಮಗುವಿಗೆ ದಾಟುವ ಸಂಭವ ಶೇ. 15ರಿಂದ 45. ತಾಯಿ ಮಾತ್ರೆ ತಿಂದು, ಮಗುವಿಗೂ ಔಷಧಿ ಹಾಕಿದರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. 2014ರ ಜನವರಿಯಿಂದ ನಮ್ಮ ದೇಶದಲ್ಲಿ ಎಚ್‌ಐವಿ ಇರುವ ಎಲ್ಲ ಗರ್ಭಿಣಿಯರಿಗೂ ಸಿಡಿ4 ಎಷ್ಟೇ ಇರಲಿ, ಜೀವನಪೂರ್ತಿ ಎಆರ್‌ಟಿ ಕೊಡುತ್ತಾರೆ.

ಪಾಸಿಟಿವ್ ತಾಯಿಯ ಮಗುವಿಗೆ ಆರು ವಾರವಾದಾಗ ಪರೀಕ್ಷೆ. ಹಿಮ್ಮಡಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಸೂಜಿಯಿಂದ ಸಣ್ಣಗೆ ಚುಚ್ಚುತ್ತಾರೆ. ದಪ್ಪ ಶೋಧಕ ಕಾಗದದ ಕಾರ್ಡಿನಲ್ಲಿ ಅಚ್ಚಾಗಿರುವ ಐದು ಸಣ್ಣ ವೃತ್ತಗಳನ್ನು ಒಂದೊಂದಾಗಿ ರಕ್ತದ ಹನಿಯಿಂದ ತುಂಬಿಸುತ್ತಾರೆ. ನೆರಳಲ್ಲಿ ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ ಮತ್ತೆ ನೋಡಿ, ಹದಿನೆಂಟು ತಿಂಗಳಿಗೆ ಖಚಿತ ಮಾಡುತ್ತಾರೆ. ಅಲ್ಲಿಯ ತನಕ ಮಾಮೂಲಿ ಆ್ಯಂಟಿಬಾಡಿ ಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದರೂ ಗಾಬರಿಯಾಗಬೇಡಿ. ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಮಗುವಿನಲ್ಲಿ ಹದಿನೆಂಟು ತಿಂಗಳ ತನಕ ಉಳಿದಿರಬಹುದು. ತಾಯಿ ನೆಗೆಟಿವ್ ಆಗಿದ್ದರೆ ಅಪ್ಪ ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ಮಗುವಿಗೆ ಈ ಪರೀಕ್ಷೆಗಳು ಬೇಕಿಲ್ಲ.

◆ 1998ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಎಚ್‌ಐವಿ ಇರುವವರಿಗೆ ಮದುವೆಯಾಗುವ ಹಕ್ಕು ಸದ್ಯಕ್ಕಿಲ್ಲ ಎಂಬರ್ಥದ ಮಾತು ಹೇಳಿತ್ತು. 2002ರ ಡಿಸೆಂಬರ್‌ನಲ್ಲಿ ಅದೇ ಕೋರ್ಟು ಆ ಮಾತು ಅಲ್ಲಿ ಅನಗತ್ಯವಾಗಿತ್ತು ಎಂದು ಹೇಳಿ ಅದನ್ನು ತೆಗೆದುಹಾಕಿತು. ಮೊದಲನೆಯದನ್ನು ನೆನಪಿಟ್ಟುಕೊಂಡವರು ಈಗಲೂ ಇದ್ದಾರೆ, ಎರಡನೆಯದು ಗೊತ್ತಿರುವವರು ಕಡಿಮೆ.

◆ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ ಆದದ್ದು 2017ರಲ್ಲಿ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಆಸ್ಪತ್ರೆಯಲ್ಲಿ, ಕೆಲಸದಲ್ಲಿ, ಶಾಲೆಯಲ್ಲಿ, ಬಾಡಿಗೆ ಮನೆಯಲ್ಲಿ ಭೇದ ಮಾಡುವಂತಿಲ್ಲ. ಪಾಸಿಟಿವ್ ಇರುವ ಗರ್ಭಿಣಿಗೆ ಅವಳ ಒಪ್ಪಿಗೆ ಇಲ್ಲದೆ ಗರ್ಭಪಾತವನ್ನಾಗಲಿ ಸಂತಾನಹರಣ ಶಸ್ತ್ರಕ್ರಿಯೆಯನ್ನಾಗಲಿ ಮಾಡುವಂತಿಲ್ಲ. 100 ಅಥವಾ ಹೆಚ್ಚು ಜನರಿರುವ ಸಂಸ್ಥೆ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು. ದೊಡ್ಡ ಎಸ್ಟೇಟುಗಳ ಮಾಲೀಕರು, ರೈಟರುಗಳು ಇದನ್ನು ಗಮನಿಸಬೇಕು.

◆ ಅದೇ ಕಾಯ್ದೆ ಪಾಸಿಟಿವ್ ಇರುವವರ ಮೇಲೂ ಒಂದು ಹೊಣೆ ಹೊರಿಸುತ್ತದೆ: ತನಗೆ ಸೋಂಕಿದೆ ಎಂದು ಗೊತ್ತಿದ್ದು ಸಮಾಲೋಚನೆ ಪಡೆದವನು ಇನ್ನೊಬ್ಬರಿಗೆ ಹರಡದಂತೆ ಎಚ್ಚರ ವಹಿಸಬೇಕು. ಹೆಂಡತಿಗೆ ಹೇಳಿ ಎಂದು ವೈದ್ಯರು, ಆಪ್ತಸಮಾಲೋಚಕರು ಮತ್ತೆ ಮತ್ತೆ ಒತ್ತಾಯಿಸುವುದು ಇದಕ್ಕೇ. ನನ್ನ ಮಟ್ಟಿಗೆ ಇದು ಕಾನೂನಿಗಿಂತ ದೊಡ್ಡ ಮಾತು. ಮಗುವನ್ನು ಒಂಬತ್ತು ತಿಂಗಳು ಹೊರುವವಳು ಅವಳು. ಗಂಡನ ವರದಿಯಲ್ಲಿ ಏನಿದೆ ಎಂದು ತಿಳಿಯದೆ ಅವಳು ಹೊರಬೇಕೆನ್ನುವುದು ಅನ್ಯಾಯ. ಒಬ್ಬನೇ ಹೇಳಲು ಧೈರ್ಯ ಸಾಲದಿದ್ದರೆ ಐಸಿಟಿಸಿಯ (ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನಾ ಕೇಂದ್ರದ) ಆಪ್ತಸಮಾಲೋಚಕರ ಎದುರಿಗೆ ಇಬ್ಬರೂ ಕೂತು ಮಾತಾಡಬಹುದು, ಅವರು ಇರುವುದೇ ಅದಕ್ಕೆ.

◆ ಊರವರ ಕಣ್ಣಿಗೆ ಬೀಳುತ್ತೇನೆಂಬ ಅಳುಕಿದ್ದರೆ ಚಿಕಿತ್ಸೆಯನ್ನು ಬೇರೆ ಎಆರ್‌ಟಿ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಲು ಅವಕಾಶವಿದೆ. ಮಂಗಳೂರಾದರೂ ಸರಿ, ಮೈಸೂರಾದರೂ ಸರಿ. ಕೇಂದ್ರ ಬದಲಾಗಬಹುದು, ಮಾತ್ರೆ ತಪ್ಪಬಾರದು.

◆ ಹೊಟ್ಟೆಪಾಡಿಗೆ ಅಸ್ಸಾಮ್, ಬಂಗಾಳದಿಂದ ಬಂದು ನಮ್ಮ ತೋಟಗಳಲ್ಲಿರುವವರಿಗೂ ಮಾತ್ರೆ ಉಚಿತ. ಅವರ ಊರಿನ ಎಆರ್‌ಟಿ ಕೇಂದ್ರದ ಚಿಕಿತ್ಸಾ ಪುಸ್ತಕ ತೋರಿಸಿದರೆ ಇಲ್ಲಿ ಮುಂದುವರಿಸಬಹುದು.

◆ ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿಯುವುದು, ಹಾನುಬಾಳು ಕಡೆಯ ರಸ್ತೆ ಮುಚ್ಚುವುದು, ಆಲೂರಿನ ಕೆ. ಹೊಸಕೋಟೆ ಸೀಮೆಯಲ್ಲಿ ಕಾಡಾನೆ ಭಯಕ್ಕೆ ಬೆಳಿಗ್ಗೆ ಮನೆಯಿಂದ ಹೊರಡಲಾಗದಿರುವುದು ಇಲ್ಲಿನವರಿಗೆ ಹೊಸದಲ್ಲ. ಚಿಕಿತ್ಸೆ ಸ್ಥಿರವಾಗಿರುವವರಿಗೆ ಒಮ್ಮೆಗೆ ಕೆಲವು ತಿಂಗಳ ಮಾತ್ರೆ ಕೊಡುವ ಪದ್ಧತಿ ಇದೆ, 2020ರ ಲಾಕ್‌ಡೌನ್ ಕಾಲದಲ್ಲಿ ಇದನ್ನು ಇನ್ನಷ್ಟು ವಿಸ್ತರಿಸಿದರು. ಜೂನ್ ಬರುವ ಮೊದಲೇ ಕೇಳಿ ತೆಗೆದಿಟ್ಟುಕೊಳ್ಳಿ.

◆ ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ವೈದ್ಯರನ್ನು ಕಾಣಬೇಕು. ಮೊದಲು ಆಗಬೇಕಾದದ್ದು ಗಂಡಸಿನ ವೀರ್ಯ ಪರೀಕ್ಷೆ. ಸುಲಭದ್ದು, ನೋವಿಲ್ಲದ್ದು.

ನಮ್ಮ ಆಸ್ಪತ್ರೆಗಳಲ್ಲಿ ಮಗುವಿನ ವಿಚಾರವೆಲ್ಲ ಹೆಂಗಸರ ಸರದಿಯಲ್ಲೇ ನಡೆಯುತ್ತದೆ. ಬಸುರಿಗೆ ತಾಯಿ ಕಾರ್ಡ್, ಆಶಾ ಕಾರ್ಯಕರ್ತೆ, ತಿಂಗಳ ತಪಾಸಣೆ ಎಲ್ಲ ಇದೆ. ಎಆರ್‌ಟಿ ಕೇಂದ್ರದ ಸಾಲಿನಲ್ಲಿ ನಿಂತ ಗಂಡಸನ್ನು ತೂಕ ಎಷ್ಟು, ಕೆಮ್ಮು ಇದೆಯೇ, ಜ್ವರ ಇದೆಯೇ, ಮಾತ್ರೆ ತಪ್ಪಿತೇ ಎಂದು ಕೇಳುತ್ತಾರೆ. ‘ನಿಮಗೆ ಮಗು ಬೇಕೆಂಬ ಆಸೆ ಇದೆಯಾ?’ ಎಂದು ಕೇಳುವವರು ಅಪರೂಪ. ಆ ಪ್ರಶ್ನೆ ಕೇಳಿಸಿಕೊಳ್ಳದ ಗಂಡಸು ತನಗೆ ಆ ಆಸೆ ಇಟ್ಟುಕೊಳ್ಳುವ ಹಕ್ಕೇ ಇಲ್ಲವೆಂದುಕೊಂಡು ಮನೆಗೆ ಹೋಗುತ್ತಾನೆ. ವೈದ್ಯರಲ್ಲಿ, ಆಪ್ತಸಮಾಲೋಚಕರಲ್ಲಿ ನನ್ನ ಕೋರಿಕೆ: ದಯವಿಟ್ಟು ಈ ಪ್ರಶ್ನೆಯನ್ನು ಗಂಡಸರಿಗೂ ಕೇಳಿ, ಪ್ರತಿ ಸಲವೂ ಕೇಳಿ.

ಅವರು ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ. ಮುಂದಿನ ಸಲ ಮಾತ್ರೆಗೆ ಹೋದಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ‘ನಮಗೆ ಮಗು ಬೇಕು, ನನ್ನ ವೈರಲ್ ಲೋಡ್ ಎಷ್ಟಿದೆ?’ ಎಂದು ಕೇಳಿ. ಅಷ್ಟು ದೂರ ಹೋಗಿ ಕೇಳಲು ಮುಜುಗರವಾದರೆ ಮೊದಲು 1097ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ.